ಓದುಗರ ಪ್ರಶ್ನೆ: ಬಣ್ಣಕ್ಕೆ ಮೊದಲು ರೇಖೆ

ಪ್ರಶ್ನೆ: ಗದಗಿನ ಚಿತ್ರಕಲಾ ಶಾಲೆಯೊಂದರಲ್ಲಿ ಮೊದಲ ವರ್ಷ ಓದುತ್ತಿದ್ದೇನೆ. ನಾಲ್ಕು ತಿಂಗಳಿಂದ ಕೊಡ, ತಂಬಿಗೆಗಳನ್ನೇ ಪೆನ್ಸಿಲ್‌ನಲ್ಲಿ ಬಿಡಿಸುತ್ತಿದ್ದೇವೆ. ಬಣ್ಣ ಮುಟ್ಟಲು ಬಿಡುತ್ತಿಲ್ಲ. ಇದರಿಂದ ಪ್ರಯೋಜನವಿದೆಯೇ?

ಉತ್ತರ: ಖಂಡಿತ ಇದೆ, ನಿಮ್ಮ ಬೇಸರವೂ ಸಹಜವೇ. ತಂಬಿಗೆಯ ದುಂಡನೆಯ ಬಾಯಿ ಕಣ್ಣಿನ ಮಟ್ಟದಿಂದ ಕೆಳಗಿಳಿದಷ್ಟೂ ಅಗಲವಾದ ಅಂಡಾಕಾರವಾಗಿ ಕಾಣುತ್ತದೆ ಎಂಬುದನ್ನು ಕೈ ಅರಿಯುವವರೆಗೆ, ನೆರಳು ಎಲ್ಲಿ ಗಾಢವಾಗಿ ಎಲ್ಲಿ ತಿಳಿಯಾಗುತ್ತದೆಂದು ಕಣ್ಣು ಗುರುತಿಸುವವರೆಗೆ, ಬಣ್ಣವು ಆ ಕೊರತೆಯನ್ನು ಮುಚ್ಚಲಾರದು. ರವಿವಾರ ಸ್ಕೆಚ್ ಪುಸ್ತಕ ಹಿಡಿದು ಹತ್ತಿರದ ಲಕ್ಕುಂಡಿಗೆ ಹೋಗಿರಿ. ಸಾವಿರ ವರ್ಷಗಳ ಹಿಂದೆ ಅತ್ತಿಮಬ್ಬೆ ಕಟ್ಟಿಸಿದ ಬ್ರಹ್ಮಜಿನಾಲಯದ ಕಂಬಗಳಲ್ಲಿ ಅದೇ ಕೊಡದ ದುಂಡು, ಅದೇ ಕಂಠ ಕಲ್ಲಿನಲ್ಲಿ ನಿಮಗೆ ಎದುರಾಗುತ್ತವೆ. ಒಂದೇ ಕಂಬವನ್ನು ಬೆಳಿಗ್ಗೆಯೂ ಸಂಜೆಯೂ ಬಿಡಿಸಿ, ಎರಡನ್ನೂ ನಿಮ್ಮ ಗುರುಗಳಿಗೆ ತೋರಿಸಿರಿ.