ಜನವರಿ ಹತ್ತಿರ ಬಂದರೆ ನಿದ್ದೆ ಹೋಗುತ್ತಿತ್ತು

ಇದನ್ನು ಬರೆಯಲು ಇದರಲ್ಲಿ ಬರುವ ಗೆಳತಿಯರಿಬ್ಬರೂ ಒಪ್ಪಿದ್ದಾರೆ. ಹೆಸರು, ವಯಸ್ಸು, ಊರು, ಮನೆಯ ವಿವರ ಎಲ್ಲ ಬದಲಿಸಿದ್ದೇನೆ. ಒಂದು ಡೈರಿಯನ್ನು ಮಾತ್ರ ಇದ್ದ ಹಾಗೇ ಬಿಟ್ಟಿದ್ದೇನೆ. ಅದನ್ನೂ ಬದಲಿಸಿದರೆ ಹೇಳಲು ಏನೂ ಉಳಿಯುವುದಿಲ್ಲ.

ಸುಧಾ ಅಂತ ಕರೆಯೋಣ. 47 ವರ್ಷ. ಮೈಸೂರಿನ ಒಂದು ಬ್ಯಾಂಕ್ ಶಾಖೆಯಲ್ಲಿ ಮ್ಯಾನೇಜರ್. ಮೂಲತಃ ಧಾರವಾಡದ ಕಡೆಯವರು. ಆಗಸ್ಟ್ ಮೊದಲ ವಾರ ಆಪ್ತಸಲಹೆಗೆಂದು ನನ್ನ ಹತ್ತಿರ ಬಂದರು. ರಾತ್ರಿ ಮೂರಕ್ಕೆ ಎಚ್ಚರವಾದರೆ ಮತ್ತೆ ನಿದ್ದೆ ಬರುವುದಿಲ್ಲ, ಜೊತೆಗೆ ಎದೆಯುರಿ. ಫಾರ್ಮ್‌ನಲ್ಲಿ ‘ಯಾವಾಗಿನಿಂದ’ ಎಂಬಲ್ಲಿ ಹೀಗೆ ಬರೆದಿದ್ದರು: ‘ಪ್ರತಿ ವರ್ಷ, ದೀಪಾವಳಿ ಆದ ಮೇಲೆ. ಈ ಸಲ ಬೇಗ ಶುರುವಾಗಿದೆ.’

ಈ ವಯಸ್ಸಿನ ಹೆಂಗಸರು ನಿದ್ದೆ ಇಲ್ಲ ಅಂತ ಬಂದರೆ ನಾನು ಮೊದಲು ವೈದ್ಯರ ಹತ್ತಿರ ಕಳಿಸುತ್ತೇನೆ. ಥೈರಾಯ್ಡ್ ಇರಬಹುದು. ಮುಟ್ಟು ನಿಲ್ಲುವ ಕಾಲದ ಏರುಪೇರು ಇರಬಹುದು. ಎಲ್ಲವನ್ನೂ ಮನಸ್ಸಿನ ತಲೆಗೆ ಕಟ್ಟಿ, ಆರು ತಿಂಗಳು ಮಾತಾಡಿಸಿ, ಆಮೇಲೆ ರಕ್ತ ಪರೀಕ್ಷೆ ಮಾಡಿಸಿದ ಉದಾಹರಣೆಗಳನ್ನು ನೋಡಿದ್ದೇನೆ. ಸುಧಾ ಅವರ ಥೈರಾಯ್ಡ್ ಸರಿಯಿತ್ತು. ಖಿನ್ನತೆಯ ಅಂದಾಜಿಗೆ ಬಳಸುವ ಪಿಎಚ್‌ಕ್ಯೂ-9 ಪ್ರಶ್ನೆಗಳಲ್ಲಿ 27ಕ್ಕೆ 8 ಬಂತು. ಅಂದರೆ ಸೌಮ್ಯ ಮಟ್ಟ. ಕಣ್ಣಿಡಬೇಕು, ಹೆದರಬೇಕಿಲ್ಲ.

“ದೀಪಾವಳಿ ಆದ ಮೇಲೆ ಏನಿರುತ್ತೆ?” ಎಂದೆ.

“ಜನವರಿ. ಜನವರಿಯಲ್ಲಿ ಖುರಿ.”

ನನಗೆ ಅರ್ಥವಾಗಲಿಲ್ಲ. ಅವರೇ ಬಿಡಿಸಿ ಹೇಳಿದರು.

ಖುರಿ ಒಂದು ಹಳ್ಳಿ. ಥಾರ್ ಮರುಭೂಮಿಯಲ್ಲಿ, ಜೈಸಲ್ಮೇರ್‌ನಿಂದ 40–50 ಕಿಲೋಮೀಟರ್. ನಮ್ಮ ಕಡೆಯಿಂದ ಹೋದವರು ಹೆಚ್ಚಾಗಿ ನೋಡುವುದು ಸಮ್ ಮರಳ ದಿಬ್ಬಗಳನ್ನು. ಅಲ್ಲಿ ಟೆಂಟು, ಜೀಪು, ರಾತ್ರಿ ಸ್ಪೀಕರ್ ಹಾವಳಿ. ಖುರಿಯಲ್ಲಿ ಅಷ್ಟು ಗಲಾಟೆ ಇಲ್ಲ. ಮಣ್ಣಿನ ಗೋಡೆಯ, ಹುಲ್ಲಿನ ಚಾವಣಿಯ ಗುಡಿಸಲುಗಳಿವೆ. ಹಗಲು ಹಿತವಾದ ಬಿಸಿಲು. ರಾತ್ರಿ ಐದಾರು ಡಿಗ್ರಿಗೆ ಇಳಿದರೆ ಎರಡು ರಜಾಯಿಯೂ ಸಾಲುವುದಿಲ್ಲ.

ಸುಧಾ ಮತ್ತು ಅವರ ಗೆಳತಿ ನಳಿನಿ 2012ರಿಂದ ಪ್ರತಿ ಜನವರಿ ಅಲ್ಲಿಗೆ ಹೋಗುತ್ತಾರೆ. 2021ರಲ್ಲಿ ಮಾತ್ರ ಕೋವಿಡ್‌ನಿಂದ ತಪ್ಪಿತು. ಇಬ್ಬರೂ ಧಾರವಾಡದ ಹಾಸ್ಟೆಲ್‌ನಲ್ಲಿ ಒಂದೇ ಕೋಣೆಯಲ್ಲಿದ್ದವರು. ನಳಿನಿ ಬೆಂಗಳೂರಿನಲ್ಲಿ ಚಿತ್ರ ಕಲಿಸುತ್ತಾರೆ. ಸುಧಾ ಕಥೆ ಬರೆಯುತ್ತಾರೆ. ಬೆಂಗಳೂರಿನಿಂದ ಜೋಧಪುರಕ್ಕೆ ಎರಡು ರಾತ್ರಿ ರೈಲು, ಅಲ್ಲಿಂದ ಜೈಸಲ್ಮೇರ್‌ಗೆ ಇನ್ನೊಂದು ರೈಲು. ವಿಮಾನಕ್ಕೆ ದುಡ್ಡಿದ್ದರೂ ರೈಲೇ ಬೇಕಂತೆ. ಬುತ್ತಿ ರೊಟ್ಟಿ, ಶೇಂಗಾ ಚಟ್ನಿ ಎರಡನೇ ದಿನದ ಮಧ್ಯಾಹ್ನದವರೆಗೆ ಬರುತ್ತದೆ.

ಅಲ್ಲಿ ಏಳು ದಿನ. ಮಧ್ಯಾಹ್ನ ಒಂದರವರೆಗೆ ಮಾತಿಲ್ಲ, ಫೋನಿಲ್ಲ. ಒಬ್ಬರು ಚಿತ್ರ, ಒಬ್ಬರು ಕಥೆ. ಸಂಜೆ ದಿಬ್ಬದ ಮೇಲೆ ಕೂತು ಆ ದಿನ ಮಾಡಿದ್ದನ್ನು ತೋರಿಸಬೇಕು, ಓದಬೇಕು. ಚೆನ್ನಾಗಿದೆ, ಚೆನ್ನಾಗಿಲ್ಲ ಅನ್ನುವ ಹಾಗಿಲ್ಲ. ಸುಮ್ನೆ ಕೇಳಬೇಕು.

ಅಲ್ಲೊಂದು ಖೇಜಡಿ ಮರವಿದೆ. ಖೇಜಡಿ ಎಂದರೆ ಬೇರೇನೂ ಅಲ್ಲ, ನಮ್ಮ ಬನ್ನಿ ಮರವೇ. ಅದರ ಕಾಯಿಯೇ ಅವರು ಪಲ್ಯ ಮಾಡುವ ಸಾಂಗ್ರಿ. ಇದು ಗೊತ್ತಾದ ವರ್ಷದಿಂದ, ದಸರಾ ಮುಗಿದು ಮೂರು ತಿಂಗಳಾಗಿದ್ದರೂ, ಇಬ್ಬರೂ ಅಲ್ಲಿ ಬನ್ನಿ ಎಲೆ ಕೊಟ್ಟುಕೊಂಡು “ಬಂಗಾರದ್ಹಂಗ ಇರೂಣು” ಎನ್ನುತ್ತಾರೆ. ಇದನ್ನು ಹೇಳುವಾಗ ಸುಧಾ ಅವರ ಮುಖ ನೋಡಬೇಕಿತ್ತು. ಇಷ್ಟು ಇಷ್ಟಪಡುವ ಜಾಗಕ್ಕೆ ಹೋಗಲು ಯಾಕೆ ಇಷ್ಟು ಸಂಕಟ?

ಕಾರಣ ಎದುರಿಗೇ ಇತ್ತು, ಅಥವಾ ಹಾಗೆ ನನಗೆ ಅನಿಸಿತು. ಜುಲೈನಲ್ಲಿ ನಳಿನಿ ಫೋನ್ ಮಾಡಿ, ಮುಂದಿನ ಜನವರಿಯಿಂದ ಬೇರೆ ಆರು ಜನರನ್ನೂ ಕರೆದುಕೊಂಡು ಹೋಗೋಣ ಎಂದಿದ್ದರು. ಅವರು ದುಡ್ಡು ಕೊಡುತ್ತಾರೆ. ಹಗಲು ಕೆಲಸ, ಸಂಜೆ ದಿಬ್ಬದ ಮೇಲೆ ಓದು, ಎಲ್ಲ ಹಾಗೇ. ಸುಧಾ “ಆತು ತೊಗೊ” ಎಂದರು. ಆ ರಾತ್ರಿಯೇ ಮೂರಕ್ಕೆ ಎಚ್ಚರವಾಯಿತು.

ನಳಿನಿ ಇದನ್ನು ‘ರಿಟ್ರೀಟ್’ ಎನ್ನುತ್ತಾರೆ. ಸುಧಾ ಇವತ್ತಿಗೂ ‘ಮರಳಿಗೆ ಹೋಗೋದು’ ಎನ್ನುತ್ತಾರೆ. ಅದನ್ನೇ ಹಿಡಿದುಕೊಂಡು ನಾನೊಂದು ಕಥೆ ಕಟ್ಟಿಕೊಂಡೆ. ಒಬ್ಬರಿಗೆ ಸ್ನೇಹ, ಇನ್ನೊಬ್ಬರಿಗೆ ವ್ಯಾಪಾರ. ಇವರಿಗೆ ‘ಬೇಡ’ ಅನ್ನಲು ಬರುವುದಿಲ್ಲ. ಎರಡನೇ ಭೇಟಿಯಲ್ಲೇ, ಬೇಡ ಅಂತ ಹೇಗೆ ಹೇಳುವುದು ಅಂತ ಅಭ್ಯಾಸ ಮಾಡಿಸಿ ಕಳಿಸಿದೆ. ಅವರು ಫೋನ್ ಮಾಡಿದರು, ಹವಾಮಾನದ ಬಗ್ಗೆ ಮಾತಾಡಿದರು, ಇಟ್ಟರು. ಮುಂದಿನ ವಾರ ಬಂದಾಗ ಎದೆಯುರಿ ಜಾಸ್ತಿಯಾಗಿತ್ತು. ಆ ದಿನದ ನನ್ನ ಟಿಪ್ಪಣಿಯಲ್ಲಿ ಇರುವುದು ಒಂದೇ ಪದ: ‘ಅವಸರ’. ಅದು ಅವರ ಬಗ್ಗೆ ಬರೆದದ್ದಲ್ಲ.

ಮೂರನೇ ಭೇಟಿಯಲ್ಲಿ ಸಲಹೆ ಕೊಡುವುದು ಬಿಟ್ಟೆ. ಎದುರಿಗೆ ಒಂದು ಖಾಲಿ ಕುರ್ಚಿ ಇಟ್ಟೆ. ಗೆಸ್ಟಾಲ್ಟ್ ಎಂಬ ಮನೋಚಿಕಿತ್ಸೆಯಲ್ಲಿ ಬಳಸುವ ಹಳೆಯ ವಿಧಾನ ಇದು. ನಳಿನಿ ಅಲ್ಲಿ ಕೂತಿದ್ದಾರೆ ಎಂದುಕೊಂಡು ಹೇಳಬೇಕಾದ್ದನ್ನು ಹೇಳಿ ಎಂದೆ. ಬಹಳ ಜನ ಇದಕ್ಕೆ ನಗುತ್ತಾರೆ. ಸುಧಾ ನಗಲಿಲ್ಲ. ತುಂಬ ಹೊತ್ತು ಕುರ್ಚಿ ನೋಡಿ ಹೇಳಿದರು:

“ನಳಿನಿ, ನಾ ಓದಿದ್ದು ಯಾವ್ದೂ ಅಲ್ಲಿ ಬರೆದದ್ದಲ್ಲ.”

ಆಮೇಲೆ ಎಲ್ಲ ಬಂತು. 2022ರಿಂದ ನಾಲ್ಕು ಜನವರಿ, ಖುರಿಯಲ್ಲಿ ಅವರು ಒಂದು ಸಾಲೂ ಬರೆದಿಲ್ಲ. ಬೆಳಿಗ್ಗೆಯೆಲ್ಲ ಪೆನ್ನು ಹಿಡಿದು ಕೂತಿರುತ್ತಾರೆ. ಸಂಜೆ, ಎಷ್ಟೋ ವರ್ಷದ ಹಿಂದೆ ಮನೆಯಲ್ಲಿ ಬರೆದು ಯಾರಿಗೂ ತೋರಿಸದೆ ಇಟ್ಟಿದ್ದ ಕಥೆಗಳನ್ನು, ಇವತ್ತು ಬರೆದದ್ದು ಅಂತ ಓದುತ್ತಾರೆ. ಪ್ರತಿ ವರ್ಷ ಹೊರಡುವ ಮೊದಲು ಕಪಾಟಿನಲ್ಲಿ ಏಳು ಸಂಜೆಗಾಗುವಷ್ಟು ಹಳೇ ಸರಕು ಹುಡುಕಬೇಕು. ದೀಪಾವಳಿ ಆದ ಮೇಲೆ ನಿದ್ದೆ ಕೆಡುತ್ತಿದ್ದದ್ದು ಅದಕ್ಕೆ. ಈಗ ಆರು ಜನ ಅಪರಿಚಿತರ ಮುಂದೆಯೂ ಅದನ್ನೇ ಮಾಡಬೇಕು. ಮೇಲಾಗಿ ಸರಕು ಮುಗಿಯುತ್ತಾ ಬಂದಿದೆ.

ಬರವಣಿಗೆ ನಿಂತದ್ದು ಯಾಕೆ ಅಂತ ಕೇಳಿದೆ. 2020ರಲ್ಲಿ ಒಂದು ಪತ್ರಿಕೆಯ ದೀಪಾವಳಿ ವಿಶೇಷಾಂಕದಲ್ಲಿ ಕಥೆ ಬಂದಿತ್ತು. ಅದರಲ್ಲಿನ ಸೊಸೆ ತಾನೇ ಎಂದು ಅವರ ಅತ್ತಿಗೆ ಗುರುತು ಹಿಡಿದರು. ಮಾತು ಬಿಟ್ಟರು. “ಆಕಿ ಹೇಳಿದ್ದು ಖರೇನ ಇತ್ರೀ” ಎಂದರು ಸುಧಾ. ಅಷ್ಟಕ್ಕೇ ನಿಲ್ಲಿಸಿದರು. ನಾನೂ ಕೆದಕಲಿಲ್ಲ.

ಕೊಟ್ಟ ಸಲಹೆ ಏನು ಅಂತ ಓದುಗರು ಕಾಯುತ್ತಿರಬಹುದು. ಮೊದಲನೆಯದು, ಎರಡು ಗಂಟುಗಳನ್ನು ಬೇರೆ ಮಾಡುವುದು. ಆರು ಜನ ಬರಬೇಕೋ ಬೇಡವೋ ಎಂಬುದು ಒಂದು ಮಾತು. ನಾನು ಬರೆಯುತ್ತಿಲ್ಲ ಎಂಬುದು ಇನ್ನೊಂದು. ಎರಡನ್ನೂ ಒಂದೇ ಉಸಿರಿನಲ್ಲಿ ಹೇಳಿದರೆ ನಳಿನಿಗೆ ‘ನಿನ್ನ ಯೋಜನೆಯಿಂದ ನನಗೆ ಹೀಗಾಯಿತು’ ಅಂತ ಕೇಳಿಸುತ್ತದೆ. ಅದು ನಿಜವೂ ಅಲ್ಲ. ಆದ್ದರಿಂದ ಮೊದಲು ಬರವಣಿಗೆಯ ಮಾತು, ಯೋಜನೆಯ ಮಾತು ಇನ್ನೊಂದು ದಿನ.

ಎಲ್ಲಿ ಹೇಳಬೇಕು ಎಂಬುದಕ್ಕೆ ನಾನು ಜಾಸ್ತಿ ಸಮಯ ಕೊಟ್ಟೆ. ಸುಧಾ ಅವರಿಗೆ ದಿಬ್ಬದ ಮೇಲೇ ಹೇಳುವ ಆಸೆ. ಸೂರ್ಯ ಮುಳುಗುತ್ತಿರುತ್ತಾನೆ, ಸಿನಿಮಾದ ಹಾಗೆ. ನಾನು ಬೇಡ ಎಂದೆ. ಒಂದೇ ಗುಡಿಸಲು, ಆ ಹೊತ್ತಿಗೆ ಜೈಸಲ್ಮೇರ್‌ಗೆ ಬಸ್ಸಿಲ್ಲ, ಮಾತು ಕೆಟ್ಟರೆ ಎದ್ದು ಹೋಗಲು ಜಾಗವಿಲ್ಲ. ಅಂಥ ಮಾತು ಆಡುವ ಕಡೆ ಇಬ್ಬರಿಗೂ ಒಂದೊಂದು ಬಾಗಿಲು ಬೇಕು. ಫೋನಿನಲ್ಲೂ ಬೇಡ, ಫೋನಿನಲ್ಲಿ ಈ ಇಬ್ಬರೂ ಹವಾಮಾನಕ್ಕೆ ಜಾರುತ್ತಾರೆ, ಅದನ್ನು ಈಗಾಗಲೇ ನೋಡಿಯಾಗಿತ್ತು. ದಸರಾಕ್ಕೆ ನಳಿನಿ ಹೇಗೂ ಮೈಸೂರಿಗೆ ಬರುವವರಿದ್ದರು. ಆಗ, ಮನೆಯಲ್ಲಲ್ಲ, ನಡೆಯುತ್ತಾ. ಪಕ್ಕ ಪಕ್ಕ ನಡೆಯುವಾಗ ಮುಖ ನೋಡಬೇಕಾಗಿಲ್ಲ, ಅಲ್ವಾ?

ಹೇಳುವ ವಾಕ್ಯ ಒಂದೇ ಇರಲಿ ಎಂದೆ. ಕಾರಣ, ಸಮರ್ಥನೆ ಯಾವುದೂ ಬೇಡ. ನಾಲ್ಕು ಸಲ ಬರೆದು ಹೊಡೆದು ಹಾಕಿದ ಮೇಲೆ ಉಳಿದದ್ದು: ‘ನಾಲ್ಕು ವರ್ಷದಿಂದ ನಾನು ಅಲ್ಲಿ ಬರೆದಿಲ್ಲ, ಹಳೇದನ್ನು ಓದಿದೆ.’ ಇದಾದ ಮೇಲೆ ಬಾಯಿ ಮುಚ್ಚಿಕೊಂಡು ನಳಿನಿಯ ಮಾತು ಕೇಳಬೇಕು. ದಿಬ್ಬದ ಮೇಲಿನ ನಿಯಮವೇ, ಇಲ್ಲಿಗೆ ತಂದೆವು ಅಷ್ಟೆ.

ಇನ್ನೊಂದು ಮನೆಗೆಲಸ ಕೊಟ್ಟೆ. ಮನಸ್ಸು ನೋಯಿಸಿದ ಘಟನೆಯ ಬಗ್ಗೆ ದಿನಕ್ಕೆ 15 ನಿಮಿಷ, ನಾಲ್ಕು ದಿನ, ಯಾರಿಗೂ ತೋರಿಸದೆ ಬರೆಯುವುದು. ಅಮೆರಿಕದ ಮನೋವಿಜ್ಞಾನಿ ಜೇಮ್ಸ್ ಪೆನ್ನೆಬೇಕರ್ 1980ರ ದಶಕದಲ್ಲಿ ಇದರ ಮೇಲೆ ಪ್ರಯೋಗ ಮಾಡಿದ್ದರು. ಕೆಲವರಿಗೆ ಬಹಳ ಉಪಯೋಗವಾಗುತ್ತದೆ, ಕೆಲವರಿಗೆ ಅಷ್ಟಿಲ್ಲ. ಸುಧಾ ಎರಡು ದಿನ ಬರೆದು ನಿಲ್ಲಿಸಿದರು. ಹರಿದೂ ಹಾಕಿದರು. ನಾನು ಒತ್ತಾಯಿಸಲಿಲ್ಲ.

ದಸರಾ ಆಯಿತು. ಅಕ್ಟೋಬರ್‌ನಲ್ಲಿ ಬಂದಾಗ ಸುಧಾ ಕೆಂಡವಾಗಿದ್ದರು. ಹಗುರಾಗಿ ಬರುತ್ತಾರೆ ಅಂತ ಕಾದಿದ್ದ ನನಗೆ ಒಂದು ಕ್ಷಣ ಗಾಬರಿ.

ಕುಕ್ಕರಹಳ್ಳಿ ಕೆರೆಯ ಸುತ್ತ ನಡೆಯುತ್ತಾ ಹೇಳಿದರಂತೆ. ನಳಿನಿ ನಿಲ್ಲಲೂ ಇಲ್ಲ, ನಡೆಯುತ್ತಲೇ “ಗೊತ್ತದ” ಎಂದರಂತೆ. ಸುಧಾ ಕಥೆ ಬರೆಯುತ್ತಿದ್ದದ್ದು ಬ್ಯಾಂಕಿನಲ್ಲಿ ಪ್ರತಿ ವರ್ಷ ಕೊಡುವ ಡೈರಿಗಳಲ್ಲಿ. ಆ ಡೈರಿಯ ಪ್ರತಿ ಪುಟದ ಮೇಲೆ ತಾರೀಖು, ವಾರ, ಇಸವಿ ಅಚ್ಚಾಗಿರುತ್ತದೆ. 2023ರ ಜನವರಿ, ಕತ್ತಲಾದ ಮೇಲೆ ಓದಲು ನಳಿನಿಯೇ ಟಾರ್ಚ್ ಹಿಡಿದಿದ್ದರು. ಬೆಳಕು ಬಿದ್ದ ಪುಟದಲ್ಲಿ ‘2013’ ಅಂತ ಇತ್ತು.

ದಿನವಿಡೀ ಸಾಲದ ಫೈಲುಗಳಲ್ಲಿ ತಾರೀಖು ತಾಳೆ ನೋಡುವ ಬ್ಯಾಂಕ್ ಮ್ಯಾನೇಜರ್‌ಗೆ ಇದು ಹೊಳೆದಿರಲಿಲ್ಲ ಅಂದರೆ ನನಗೆ ನಗು ಬಂತು. ನಕ್ಕೂಬಿಟ್ಟೆ. ಆಪ್ತಸಲಹೆಗಾರರು ನಗಬಾರದು ಅಂತೇನಿಲ್ಲ, ಆದರೆ ಆ ಹೊತ್ತಿಗೆ ನಗಬಾರದಿತ್ತು. ಸುಧಾ ಸ್ವಲ್ಪ ತಡೆದು ತಾವೂ ನಕ್ಕರು, ಮತ್ತೆ ಸಿಟ್ಟಾದರು.

“ಮೂರು ವರ್ಷ ಸುಮ್ನ ಕುಂತು ಕೇಳ್ಯಾಳ್ರೀ. ನಾ ನಾಟಕ ಮಾಡೂದ ನೋಡ್ಯಾಳ.”

ನಳಿನಿ ಯಾಕೆ ಸುಮ್ಮನಿದ್ದರು? ನಿಯಮ ಹಾಗಿತ್ತಲ್ಲ, ಸುಮ್ನೆ ಕೇಳಬೇಕು ಅಂತ. ಕೇಳಿದರೆ ಇವಳು ಬರುವುದನ್ನೇ ಬಿಟ್ಟಾಳು ಎಂಬ ಭಯವೂ ಇತ್ತಂತೆ. ಆರು ಜನರನ್ನು ಕರೆಯುವ ಯೋಚನೆಗೆ ಅರ್ಧ ಕಾರಣ ಅದೇ. ಎಂಟು ಜನರಿದ್ದರೆ ದಿನವೂ ಎಲ್ಲರೂ ಓದಬೇಕಾಗಿಲ್ಲ, ಸುಧಾ ತಪ್ಪಿಸಿಕೊಳ್ಳಬಹುದು. ಇನ್ನರ್ಧ ದುಡ್ಡು. ಅವರಿಗೆ ಸಿಗುತ್ತಿದ್ದ ತರಗತಿಗಳು ಕಡಿಮೆಯಾಗಿದ್ದವು. ಅದನ್ನು ಅವರು ಗೆಳತಿಗೆ ಹೇಳಿರಲಿಲ್ಲ.

ಇಲ್ಲಿ ನಳಿನಿಯನ್ನು ದೇವತೆ ಮಾಡುವುದು ಸುಲಭ. ನಾನು ಮಾಡಲಿಲ್ಲ. ಗೆಳತಿ ಒದ್ದಾಡುವುದನ್ನು ಮೂರು ಜನವರಿ ನೋಡಿ ಸುಮ್ಮನಿದ್ದದ್ದು ಅಕ್ಕರೆಯೇ ಇರಬಹುದು. ಆದರೆ ಆ ಒದ್ದಾಟ ಅಷ್ಟು ದಿನ ಹೆಚ್ಚು ನಡೆಯಿತು. ಸುಧಾ ಅವರ ಸಿಟ್ಟಿಗೆ ಅರ್ಥವಿದೆ ಎಂದೆ. ಆ ಸಿಟ್ಟನ್ನು ನನ್ನ ಹತ್ತಿರ ಖರ್ಚು ಮಾಡಬೇಡಿ, ಅವರಿಗೇ ಹೇಳಿ ಎಂದೂ ಹೇಳಿದೆ. ಹೇಳಿದರು. ಎರಡು ವಾರ ಇಬ್ಬರ ನಡುವೆ ಮಾತಿರಲಿಲ್ಲ. ಆ ಎರಡು ವಾರ ಸುಧಾ ಚೆನ್ನಾಗಿ ನಿದ್ದೆ ಮಾಡಿದರು, ಇದನ್ನೂ ದಾಖಲಿಸಬೇಕು.

ನವೆಂಬರ್‌ನಲ್ಲಿ ಯೋಜನೆಯ ಮಾತು. ಇದಕ್ಕೆ ನಾನು ಹೇಳಿದ್ದು ಕಡಿಮೆ: ಹಣದ ಲೆಕ್ಕವನ್ನು ಕಾಗದದ ಮೇಲೆ ಬರೆಯಿರಿ, ಸುಧಾ ಅದರಲ್ಲಿ ಪಾಲುದಾರರೋ ಅತಿಥಿಯೋ ಎಂಬುದನ್ನು ರೈಲು ಟಿಕೆಟ್ ತೆಗೆಯುವ ಮೊದಲೇ ತೀರ್ಮಾನಿಸಿ. ಬ್ಯಾಂಕಿನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಲಿಲ್ಲ. ಅವರು ಮಾಡಿಕೊಂಡ ಏರ್ಪಾಡು ಹೀಗಿತ್ತು. ಮೊದಲ ನಾಲ್ಕು ದಿನ ಇಬ್ಬರೇ. ಐದನೇ ದಿನ ಆರು ಜನ ಬರುತ್ತಾರೆ, ಸುಧಾ ಹೊರಡುತ್ತಾರೆ. ಆ ನಾಲ್ಕು ಸಂಜೆ ಓದುವುದು ಕಡ್ಡಾಯವಲ್ಲ.

ಜನವರಿ ಮುಗಿದು ಫೆಬ್ರವರಿಯಲ್ಲಿ ಬಂದರು. ಒಣಗಿದ ಸಾಂಗ್ರಿ ಒಂದು ಪೊಟ್ಟಣ ತಂದಿದ್ದರು. ನಾವು ಉಡುಗೊರೆ ತೆಗೆದುಕೊಳ್ಳುವುದಿಲ್ಲ. ಬನ್ನಿ ಕಾಯಿ ಉಡುಗೊರೆಯಾ ಪ್ರಸಾದವಾ ಅಂತ ವಾದ ಮಾಡಿದರು. ಕೊನೆಗೆ ಪೊಟ್ಟಣ ವಾಪಸ್ ಹೋಯಿತು. ಪಿಎಚ್‌ಕ್ಯೂ-9ರಲ್ಲಿ 4. ಎದೆಯುರಿ ಇದೆ, ಅದಕ್ಕೆ ಬ್ಯಾಂಕಿನ ಚಹಾ ಕಾರಣ ಅಂತ ವೈದ್ಯರು ಹೇಳಿದ್ದಾರಂತೆ.

ಮರಳಿನಲ್ಲಿ ಏನು ಮಾಡಿದಿರಿ ಎಂದೆ. ಮೂರು ದಿನ ಏನೂ ಇಲ್ಲ. ನಳಿನಿ ಚಿತ್ರ ಬರೆಯುತ್ತಿದ್ದರೆ ಇವರು ಬಾಜ್ರಾ ರೊಟ್ಟಿ ತಟ್ಟುವುದು ಕಲಿತರು. ಜೋಳದ ರೊಟ್ಟಿ ತಟ್ಟಿದ ಕೈಗೆ ಅದೇನು ಮಹಾ! ನಾಲ್ಕನೇ ದಿನ ಒಂದೂವರೆ ಪುಟ ಬರೆದರು. ಓದಲಿಲ್ಲ.

ಬರೆದದ್ದು ಹೊಸ ನೋಟ್‌ಬುಕ್‌ನಲ್ಲಿ. ನಳಿನಿ ಜೋಧಪುರದಲ್ಲಿ ರೈಲು ಬದಲಿಸುವಾಗ ಕೊಂಡು ಕೊಟ್ಟದ್ದಂತೆ. ಕೊಡುವಾಗ ಹೇಳಿದರಂತೆ: “ಇದ್ರಾಗ ಇಸ್ವಿ ಇಲ್ಲ. ಇನ್ನ ಆರಾಮ ಸುಳ್ಳ ಹೇಳು.”

ಫೈಲು ಇನ್ನೂ ಮುಚ್ಚಿಲ್ಲ. ಆ ಒಂದೂವರೆ ಪುಟ ಅತ್ತಿಗೆಗೆ ಬರೆದ ಪತ್ರ. ಅದನ್ನು ಕಳಿಸಬೇಕೋ ಬೇಡವೋ ಎಂಬುದಕ್ಕೆ ಮುಂದಿನ ಮಂಗಳವಾರ ಬರುತ್ತಾರೆ.