ಡಿಕ್ರಿಯಾದ ಮೇಲೂ ಉಳಿಯುವ ವ್ಯಾಜ್ಯ

ಎಕ್ಸಾನ್, ಶೆಲ್ ಮುಂತಾದ ದೊಡ್ಡ ತೈಲ ಕಂಪನಿಗಳ ಮೇಲೆ ಸಾಮಾನ್ಯ ಜನ ದಾವೆ ಹೂಡಿ ಗೆದ್ದದ್ದುಂಟೆ, ಗೆದ್ದರೆ ಪರಿಹಾರ ನಿಜವಾಗಿ ಕೈಸೇರುತ್ತದೆಯೆ ಎಂದು ನೀವು ಕೇಳಿದ್ದೀರಿ. ಮಂಡ್ಯದ ಸಿವಿಲ್ ನ್ಯಾಯಾಲಯಗಳಲ್ಲಿ ಬಹುಕಾಲದಿಂದ ವಕೀಲಿ ಮಾಡುತ್ತಿರುವ ನಾನು ಹೇಳುವುದಿಷ್ಟು: ಗೆದ್ದದ್ದುಂಟು, ಆದರೆ ಡಿಕ್ರಿಯೇ (ತೀರ್ಪಿನ ಆದೇಶ) ಬೇರೆ, ಅದರ ಅಮಲ್ಜಾರಿಯೇ (ಅದನ್ನು ಜಾರಿಗೆ ತರುವುದು) ಬೇರೆ. ಇವೆರಡರ ನಡುವಿನ ವರ್ಷಗಳು ಕಂಪನಿಗೆ ಲೆಕ್ಕದ ಪುಸ್ತಕದ ಒಂದು ಸಾಲು. ಕಕ್ಷಿದಾರನಿಗೆ ಅರ್ಧ ಆಯುಷ್ಯ.

1989ರ ಮಾರ್ಚ್ 24ರಂದು ಅಲಾಸ್ಕಾದ ಕರಾವಳಿಯಲ್ಲಿ 'ಎಕ್ಸಾನ್ ವಾಲ್ಡೀಜ್' ಹಡಗು ಬಂಡೆಗೆ ತಾಗಿ ಸುಮಾರು 4 ಕೋಟಿ ಲೀಟರ್ ಕಚ್ಚಾತೈಲ ಸಮುದ್ರದ ಪಾಲಾಯಿತು. ಮೀನುಗಾರರೂ ಸ್ಥಳೀಯರೂ ಸೇರಿ 32 ಸಾವಿರಕ್ಕೂ ಹೆಚ್ಚು ಮಂದಿ ವಾದಿಗಳಾಗಿದ್ದ ಮೊಕದ್ದಮೆಯಲ್ಲಿ, ವಾಸ್ತವ ನಷ್ಟದ ಪರಿಹಾರವಲ್ಲದೆ ದಂಡರೂಪವಾಗಿ 500 ಕೋಟಿ ಡಾಲರ್ ಕೊಡಬೇಕೆಂದು ಜ್ಯೂರಿ (ತೀರ್ಪು ಹೇಳುವ ಸಾಮಾನ್ಯ ನಾಗರಿಕರ ಮಂಡಳಿ) 1994ರಲ್ಲಿ ಹೇಳಿತು. ಮೇಲ್ಮನವಿಯಲ್ಲಿ ಅದು 250 ಕೋಟಿಗೆ ಇಳಿಯಿತು. ದಂಡದ ಮೊತ್ತ ವಾಸ್ತವ ನಷ್ಟವನ್ನು ಮೀರಬಾರದೆಂದು ಅಲ್ಲಿನ ಸುಪ್ರೀಂ ಕೋರ್ಟ್ 2008ರಲ್ಲಿ ನಿರ್ಧರಿಸಿದಾಗ ಉಳಿದದ್ದು 50.75 ಕೋಟಿ ಮಾತ್ರ. ಹತ್ತೊಂಬತ್ತು ವರ್ಷ ಕಳೆದಿತ್ತು. ಎಷ್ಟೋ ವಾದಿಗಳು ಅಷ್ಟರಲ್ಲಿ ತೀರಿಕೊಂಡಿದ್ದರು.

ಈಕ್ವೆಡಾರ್‌ನದು ಇನ್ನೂ ವಿಚಿತ್ರ. ಅಲ್ಲಿನ ಅಮೆಜಾನ್ ಕಾಡಿನ ನಿವಾಸಿಗಳು ತಮ್ಮ ನೆಲಜಲ ಕೆಡಿಸಿತೆಂದು ಅಮೆರಿಕದ ತೈಲ ಕಂಪನಿ ಟೆಕ್ಸಾಕೋ ವಿರುದ್ಧ 1993ರಲ್ಲಿ ನ್ಯೂಯಾರ್ಕಿನಲ್ಲಿ ದಾವೆ ಹೂಡಿದಾಗ, ಇದರ ವಿಚಾರಣೆ ಈಕ್ವೆಡಾರ್‌ನಲ್ಲೇ ನಡೆಯಬೇಕೆಂದು ವಾದಿಸಿದ್ದು ಕಂಪನಿ. ಮುಂದೆ ಟೆಕ್ಸಾಕೋವನ್ನು ಕೊಂಡ ಶೆವ್ರಾನ್ ವಿರುದ್ಧ 2011ರಲ್ಲಿ ಅದೇ ಈಕ್ವೆಡಾರ್ ತೀರ್ಪಿತ್ತಿತು. ಅಂತಿಮವಾಗಿ ಮೊತ್ತ 950 ಕೋಟಿ ಡಾಲರ್‌ಗೆ ನಿಂತಿತು. ಆದರೆ ಜಪ್ತಿ ಮಾಡಲು ಕಂಪನಿಯ ಆಸ್ತಿ ಆ ದೇಶದಲ್ಲಿ ಇರಲಿಲ್ಲ. 2014ರಲ್ಲಿ ನ್ಯೂಯಾರ್ಕಿನ ಫೆಡರಲ್ ನ್ಯಾಯಾಧೀಶರು ಆ ತೀರ್ಪನ್ನು ವಂಚನೆ ಮತ್ತು ಲಂಚದಿಂದ ಪಡೆದದ್ದೆಂದು ನಿರ್ಣಯಿಸಿ, ಅಮೆರಿಕದಲ್ಲಿ ಅದರ ವಸೂಲಿಗೆ ತಡೆಯೊಡ್ಡಿದರು. ಇದನ್ನು ಬರೀ ದೈತ್ಯ ಕಂಪನಿಯ ದಬ್ಬಾಳಿಕೆ ಎಂದು ಹೇಳುವವರ ಮಾತನ್ನು ನಾನು ಪೂರ್ತಿ ಒಪ್ಪುವುದಿಲ್ಲ. ವಾದಿಗಳ ಪರ ವಕೀಲರು ಅಡ್ಡದಾರಿ ಹಿಡಿದರೆ ನಿಜವಾಗಿ ನೊಂದವರ ಅಹವಾಲೂ ಅದರೊಂದಿಗೆ ಮುಳುಗುತ್ತದೆ.

ಪರಿಹಾರ ಕೈಸೇರಿದ್ದಕ್ಕೂ ಉದಾಹರಣೆಯಿದೆ. ಕೊಳವೆ ಸೋರಿಕೆಯಿಂದ ಹೊಲ, ಮೀನುಕೊಳಗಳನ್ನು ಕಳೆದುಕೊಂಡ ನೈಜೀರಿಯಾದ ನಾಲ್ವರು ರೈತರು 2008ರಲ್ಲಿ ನೆದರ್ಲೆಂಡ್ಸ್‌ನ ನ್ಯಾಯಾಲಯದಲ್ಲಿಯೇ ಶೆಲ್ ಮೇಲೆ ದಾವೆ ಹೂಡಿ, 2021ರಲ್ಲಿ ಮೇಲ್ಮನವಿಯಲ್ಲಿ ಬಹುಮಟ್ಟಿಗೆ ಗೆದ್ದರು. 2022ರ ಕೊನೆಗೆ ಅವರ ಊರುಗಳಿಗೆ 1.5 ಕೋಟಿ ಯೂರೋ ಕೊಡುವ ರಾಜಿಯಾಯಿತು. ಕಂಪನಿಯ ಕೇಂದ್ರವಿದ್ದ ದೇಶದಲ್ಲೇ ದಾವೆ ಹೂಡಿದ್ದು ಜಾಣತನವೆಂದು ನನ್ನ ಅಭಿಪ್ರಾಯ. ಅಲ್ಲಿಯೂ ಒಬ್ಬ ರೈತರು ನಡುವೆ ತೀರಿಕೊಂಡು ಮಗ ಮುಂದುವರಿಸಬೇಕಾಯಿತು.

ನಮ್ಮ ಕಡೆ ತೈಲ ಕಂಪನಿಯೊಂದಿಗೆ ಜನರಿಗೆ ಬರುವ ವ್ಯಾಜ್ಯ ಹೆಚ್ಚಾಗಿ ಬಂಕಿನ ಜಾಗದ್ದು. ಎಸ್ಸೋ, ಬರ್ಮಾ ಷೆಲ್, ಕ್ಯಾಲ್‌ಟೆಕ್ಸ್ ಎಂಬ ವಿದೇಶಿ ತೈಲ ಕಂಪನಿಗಳನ್ನು ಕೇಂದ್ರ ಸರ್ಕಾರ 1974, 1976 ಮತ್ತು 1977ರ ಕಾಯ್ದೆಗಳ ಮೂಲಕ ವಶಪಡಿಸಿಕೊಂಡಾಗ, ಅವುಗಳ ಹಳೆಯ ಗುತ್ತಿಗೆಗಳನ್ನು ಅವಧಿ ಮುಗಿದ ಮೇಲೆ ಹಳೆಯ ಷರತ್ತುಗಳ ಮೇಲೆಯೇ ನವೀಕರಿಸಿಕೊಳ್ಳುವ ಹಕ್ಕೂ ಸರ್ಕಾರಿ ಕಂಪನಿಗಳಿಗೆ ಬಂತು. ನನ್ನ ಕಕ್ಷಿದಾರರೊಬ್ಬರ ತಾತ ಹೆದ್ದಾರಿ ಬದಿಯ 12 ಗುಂಟೆ ಕಬ್ಬಿನ ಗದ್ದೆಯನ್ನು ತಿಂಗಳಿಗೆ 120 ರೂಪಾಯಿಗೆ ಕೊಟ್ಟಿದ್ದರು. ಸುತ್ತಲಿನ ಭೂಮಿಗೆ ಚಿನ್ನದ ಬೆಲೆ ಬಂದಾಗಲೂ ಬಾಡಿಗೆ 120 ರೂಪಾಯಿಯೇ. ನವೀಕರಿಸಿದ ಅವಧಿಯೂ ಮುಗಿದ ಮೇಲೆ ಕಂಪನಿ ಚೆಕ್ ಕಳಿಸುತ್ತಲೇ ಇತ್ತು, ಬಾಡಿಗೆ ಪಡೆದಿದ್ದೀರಾದ್ದರಿಂದ ಗುತ್ತಿಗೆ ಮುಂದುವರಿದಿದೆ ಎಂದು ವಾದಿಸಿತು. ಆಗ ಮನೆಯ ಅಜ್ಜಿ ಬಿಸ್ಕತ್ತಿನ ಡಬ್ಬಿಯೊಂದನ್ನು ತಂದು ನನ್ನ ಮೇಜಿನ ಮೇಲಿಟ್ಟರು. ಒಂದು ಚೆಕ್ಕನ್ನೂ ಬ್ಯಾಂಕಿಗೆ ಹಾಕಿರಲಿಲ್ಲ. ಲಕೋಟೆ ಸಮೇತ ಎಲ್ಲವೂ ಅದರಲ್ಲಿದ್ದವು. "ಈಸ್ಕೊಂಡ್ರೆ ಒಪ್ಕೊಂಡಂಗೆ ಅಲ್ವೇನಪ್ಪಾ?" ಎಂದರು. ಸ್ವಾಧೀನ ಬಿಡಿಸಿಕೊಡುವ ಡಿಕ್ರಿಯಾದದ್ದರಲ್ಲಿ ಆ ಡಬ್ಬಿಯ ಪಾಲು ನನ್ನ ವಾದಕ್ಕಿಂತ ದೊಡ್ಡದು. ನವೀಕರಣದ ಹಕ್ಕಿದ್ದರೂ ಸರ್ಕಾರಿ ಕಂಪನಿ ಅದನ್ನು ನ್ಯಾಯಸಮ್ಮತವಾಗಿಯೇ ಚಲಾಯಿಸಬೇಕೆಂದು ನಮ್ಮ ಸುಪ್ರೀಂ ಕೋರ್ಟ್ 2007ರಲ್ಲಿ ಹೇಳಿದ ಮಾತೂ ನೆರವಿಗೆ ಬಂತು.

ನಿಮ್ಮ ಪ್ರಶ್ನೆಯ ಹಿಂದೆ ಬಾವಿಗೋ ಹೊಲಕ್ಕೋ ತೈಲ ಸೋರಿದ ಸಂಗತಿಯಿದ್ದರೆ, ಪರಿಹಾರ ಕೋರಿ ಪರಿಸರ ವ್ಯಾಜ್ಯಗಳನ್ನು ಕೇಳುವ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಗೆ ಹೋಗಲು ಐದು ವರ್ಷಗಳ ಕಾಲಮಿತಿಯಿದೆ. ನಮ್ಮ ರಾಜ್ಯ ಅದರ ಚೆನ್ನೈ ಪೀಠಕ್ಕೆ ಸೇರುತ್ತದೆ. ಅಲ್ಲಿ ಅವಘಡಕ್ಕೆ ಕಂಪನಿಯ ನಿರ್ಲಕ್ಷ್ಯವೇ ಕಾರಣವೆಂದು ನೀವು ರುಜುವಾತುಪಡಿಸಬೇಕಾಗಿಲ್ಲ, ಆದರೆ ಹಾನಿಯನ್ನೂ ಅದರ ಮೂಲವನ್ನೂ ತೋರಿಸಲೇಬೇಕು. ಆದ್ದರಿಂದ ವಕೀಲರನ್ನು ಹುಡುಕುವ ಮೊದಲೇ ನೀರಿನ ಮಾದರಿಯನ್ನು ಮಾನ್ಯತೆ ಪಡೆದ ಪ್ರಯೋಗಾಲಯಕ್ಕೆ ಕೊಟ್ಟು ದಿನಾಂಕ ಸಮೇತ ವರದಿ ಪಡೆಯಿರಿ.

ಅಜ್ಜಿಯ ಜಾಗ ಅಮಲ್ಜಾರಿಯಲ್ಲಿ ಕೈಗೆ ಬಂದಿದೆ. ನೆಲದಡಿಯ ಎರಡು ಟ್ಯಾಂಕುಗಳನ್ನು ಮಾತ್ರ ಕಂಪನಿ ತೆಗೆದಿಲ್ಲ. ಅದರ ಖರ್ಚು ಯಾರದೆಂಬ ಅರ್ಜಿಗೆ ಮುಂದಿನ ತಿಂಗಳು ವಾಯಿದೆ ಇದೆ.