ಪಿಸಾ 2022 ವಿಜ್ಞಾನ: ನಿಮ್ಮ ಸರಾಸರಿ ವರದಿಗೆ ಯಾಕೆ ತಾಳೆಯಾಗ್ತಿಲ್ಲ

ಸರ್, ನೀವು ಕೇಳಿದ್ದು ಎರಡು. 15 ವರ್ಷದ ಮಕ್ಕಳ ಅಂತರರಾಷ್ಟ್ರೀಯ ಪರೀಕ್ಷೆಯಾದ ಪಿಸಾದ ವಿದ್ಯಾರ್ಥಿ ಫೈಲಿನಿಂದ ಎಕ್ಸೆಲ್‌ನಲ್ಲಿ ತೆಗೆದ ಕೆನಡಾದ ಸರಾಸರಿ ವರದಿಯ 515ಕ್ಕೆ ಯಾಕೆ ಕೂಡ್ತಿಲ್ಲ. ಕೊರಿಯಾ (528) ಎಸ್ಟೋನಿಯಾಗಿಂತ (526) ಮುಂದಿದೆ ಅನ್ನಬಹುದಾ.

ಮೊದಲನೆಯದಕ್ಕೆ ವೇಟ್ (ಫೈಲಿನ ಒಂದು ಮಗು ದೇಶದ ಎಷ್ಟು ಮಕ್ಕಳ ಪರವಾಗಿದೆ ಅನ್ನೋ ಸಂಖ್ಯೆ) ನೋಡಿ. ಕೆನಡಾದಲ್ಲಿ ಪ್ರಾಂತ್ಯವಾರು ಅಂಕ ಬೇಕಾದ್ದರಿಂದ ಪುಟ್ಟ ಪ್ರಾಂತ್ಯಗಳಿಂದ ಬೇಕಂತಲೇ ಜಾಸ್ತಿ ಮಕ್ಕಳನ್ನು ತಗೊಂಡಿರ್ತಾರೆ. ಪ್ರಿನ್ಸ್ ಎಡ್ವರ್ಡ್ ಐಲ್ಯಾಂಡಿನ ಒಂದು ಸಾಲನ್ನೂ ಒಂಟಾರಿಯೊದ ಒಂದು ಸಾಲನ್ನೂ ಎಕ್ಸೆಲ್ ಒಂದೇ ತಕ್ಕಡಿಗೆ ಹಾಕುತ್ತೆ. ಪ್ರತಿ ಅಂಕವನ್ನು ಅಂತಿಮ ವೇಟ್‌ನಿಂದ ಗುಣಿಸಿ ಕೂಡಿಸಿ, ವೇಟ್‌ಗಳ ಮೊತ್ತದಿಂದ ಭಾಗಿಸಿ.

ಆಮೇಲೆ ಆ ಹತ್ತು ಪಿವಿ (ಪ್ಲಾಸಿಬಲ್ ವ್ಯಾಲ್ಯೂ, ಅಂದರೆ ಸಂಭವನೀಯ ಅಂಕ) ಕಾಲಂಗಳು. ಯಾವ ಮಗುವೂ ಎಲ್ಲ ಪ್ರಶ್ನೆಗೂ ಉತ್ತರಿಸಿರಲ್ಲ. ಇರೋದು ಎರಡು ಗಂಟೆ. ಹಾಗಾಗಿ ಆ ಮಗುವಿಗೆ ಸಾಧ್ಯವಿರುವ ಅಂಕಗಳಿಂದ ಹತ್ತನ್ನು ಎತ್ತಿ ಕೊಟ್ಟಿರ್ತಾರೆ. ಮೊದಲೇ ಹತ್ತನ್ನೂ ಸರಾಸರಿ ಮಾಡಿ ಒಂದು ಕಾಲಂ ಮಾಡ್ಕೊಂಡ್ರೆ ದೇಶದ ಸರಾಸರಿ ಸರಿಯಾಗೇ ಬರುತ್ತೆ. ಅದೇ ಮೋಸ! ಹರವು ಕುಗ್ಗಿರುತ್ತೆ, ಶೇಕಡಾವಾರು ಮಟ್ಟಗಳೆಲ್ಲ ತಪ್ಪುತ್ತವೆ. ಲೆಕ್ಕವನ್ನು ಹತ್ತು ಸಲ ಬೇರೆಬೇರೆ ಮಾಡಿ, ಕೊನೆಗೆ ಸರಾಸರಿ ತಗೊಳ್ಳಿ.

ದೋಷಕ್ಕೆ, ಅಂದರೆ ಸರಾಸರಿ ಎಷ್ಟು ಆಚೀಚೆ ಇರಬಹುದು ಅನ್ನೋದಕ್ಕೆ, ಅದೇ ಮಕ್ಕಳಿಗೆ ಬದಲಿಸಿ ಕೊಟ್ಟ 80 ರೆಪ್ಲಿಕೇಟ್ ವೇಟ್‌ಗಳಿವೆ. ಒಂದೊಂದರಿಂದಲೂ ಸರಾಸರಿ ತೆಗೆದು, ಮೂಲ ಸರಾಸರಿಯಿಂದ ಎಷ್ಟು ದೂರ ಅಂತ ನೋಡಿ, ವರ್ಗ ಮಾಡಿ ಕೂಡಿಸಿ 20ರಿಂದ ಭಾಗಿಸಿ (80ರಿಂದ ಅಲ್ಲ, ಎಲ್ಲರೂ ಎಡವೋದು ಇಲ್ಲೇ). ಹತ್ತು ಪಿವಿಗಳಿಗೆ ಬಂದ ಇದರ ಸರಾಸರಿಗೆ, ಪಿವಿಗಳ ನಡುವಿನ ವೇರಿಯನ್ಸ್‌ನ 1.1 ಪಟ್ಟು ಸೇರಿಸಿ ವರ್ಗಮೂಲ ತೆಗೀರಿ. ಇದು ಎಕ್ಸೆಲ್ ಕೆಲಸ ಅಲ್ಲ, ಸಂಖ್ಯಾಶಾಸ್ತ್ರದ ಸಾಫ್ಟ್‌ವೇರ್ ಆದ ಆರ್‌ನಲ್ಲಿ ಎಡ್‌ಸರ್ವೆ ಪ್ಯಾಕೇಜ್ ಹಾಕ್ಕೊಳ್ಳಿ.

ಎರಡನೇ ಪ್ರಶ್ನೆಗೆ ಉತ್ತರ ಇದರಲ್ಲೇ ಇದೆ. ಎರಡೂ ದೇಶದ ದೋಷ 3 ಅಂತಿಟ್ಟುಕೊಳ್ಳಿ. ವ್ಯತ್ಯಾಸದ ದೋಷ 4.2, ಅದರ 1.96 ಪಟ್ಟು ಸುಮಾರು 8. ನಿಮ್ಮ ಅಂತರ 2. ಮುಂದೆ ಅನ್ನೋ ಹಾಗಿಲ್ಲ. 561ರ ಸಿಂಗಪುರ, 547ರ ಜಪಾನ್ ಬಗ್ಗೆಯಾದರೆ ಇವೆರಡಕ್ಕಿಂತ ಮುಂದೆ ಅಂತ ಧೈರ್ಯವಾಗಿ ಹೇಳಿ.

ಚಾರ್ಟಿನಲ್ಲಿ ಗಣಿತ-ವಿಜ್ಞಾನದ ಇನ್ನೊಂದು ಅಂತರರಾಷ್ಟ್ರೀಯ ಪರೀಕ್ಷೆಯಾದ ಟಿಮ್ಸ್‌ನ ಸಿಂಗಪುರ 608 (2019, ಎಂಟನೇ ತರಗತಿ) ಪಕ್ಕದಲ್ಲೇ ಇಟ್ಟಿದ್ದೀರಿ, ತೆಗೆದುಬಿಡಿ. ಎರಡೂ 500ರ ಸುತ್ತಲಿನ ಅಳತೆಯಂತೆ ಕಂಡರೂ ಟಿಮ್ಸ್ ತರಗತಿ ಹಿಡಿದು ಪಠ್ಯ ಕೇಳುತ್ತೆ, ಪಿಸಾ 15 ವರ್ಷದವರನ್ನು ಕೇಳುತ್ತೆ; ಅದೂ ಶಾಲೆಯಲ್ಲಿ ಏಳನೇ ತರಗತಿ ಅಥವಾ ಮೇಲಿರುವವರನ್ನು ಮಾತ್ರ. 2012ರಲ್ಲಿ ವಿಯೆಟ್ನಾಂ 528 ತಗೊಂಡಾಗ ಆ ವಯಸ್ಸಿನವರಲ್ಲಿ ಪರೀಕ್ಷೆಯ ವ್ಯಾಪ್ತಿಗೆ ಬಂದದ್ದು ಶೇ. 56ರಷ್ಟೇ. ಭಾರತ ಅಂತ ನೀವು ಹಾಕಿರೋ 348 ತಮಿಳುನಾಡಿನದು. 2009ರ ಸುತ್ತಿಗೆ ಸೇರಿದ್ದು ಅದು ಮತ್ತು ಹಿಮಾಚಲ ಪ್ರದೇಶ (325) ಮಾತ್ರ, ಲೇಬಲ್ ಬದಲಿಸಿ.